ಹಾಡು ಸಾವಿರಾರು, ಬೇಕಾದ್ದು ಮಾತ್ರ ಸಿಗೋಲ್ಲ!

ಗಣೇಶನ ಮೆರವಣಿಗೆಗೆ, ಊರಹಬ್ಬಕ್ಕೆ, ಮದುವೆ ಆರತಕ್ಷತೆಗೆ ಈಗ ಡಿ.ಜೆ. ಬೇಕೇ ಬೇಕು. ಮಂಡ್ಯ-ಮೈಸೂರು ಕಡೆ ಶಾಮಿಯಾನದವರ ಜತೆಗೇ ಡಿ.ಜೆ. ಹುಡುಗನೂ ಬುಕ್ ಆಗ್ತಾನೆ. ಆಳೆತ್ತರದ ಸ್ಪೀಕರು, ಕಣ್ಣು ಕುಕ್ಕುವ ಲೈಟು, ಜೇಬಿನಲ್ಲಿ ಹೆಬ್ಬೆರಳು ಗಾತ್ರದ ಪೆನ್‌ಡ್ರೈವು. "ಐದು ಸಾವಿರ ಹಾಡಿದೆ ಸಾರ್" ಅಂತಾನೆ. ಸರಿಯಪ್ಪ, ಹುಡುಗಿಯ ಸೋದರಮಾವ ಬಂದು ಒಂದು ರಾಜ್‌ಕುಮಾರ್ ಹಾಡು ಕೇಳಿದರೆ? ಅಲ್ಲೇ ಇರೋದು ಪೇಚು!

ಪರದೆಯ ಮೇಲೆ 'ಟ್ರ್ಯಾಕ್ 01', 'ನ್ಯೂ ಹಿಟ್ಸ್ 2'. ಒಂದೇ ಹಾಡು ಮೂರು ಹೆಸರಲ್ಲಿ. ಹುಡುಕುತ್ತಾ ಎರಡು ನಿಮಿಷ ಕಳೆದರೆ ಕುಣಿಯೋರು ಊಟದ ಪಂಕ್ತಿ ಸೇರಿರ್ತಾರೆ. ಕೈಗೆ ಸಿಕ್ಕಿದ್ದನ್ನು ಒತ್ತಿದರೆ ಆರತಕ್ಷತೆಯಲ್ಲಿ ವಿರಹಗೀತೆ! ಬೀಗರ ಮುಂದೆ ಹುಡುಗಿ ಅಪ್ಪನ ಮುಖ ಸಣ್ಣದಾಗುತ್ತೆ, ಡಿ.ಜೆ. ಹುಡುಗನಿಗೆ ಮುಂದಿನ ಲಗ್ನ ತಪ್ಪುತ್ತೆ.

ಕ್ಯಾಸೆಟ್ಟಿನ ಕಾಲದಲ್ಲಿ 60 ಇಲ್ಲವೇ 90 ನಿಮಿಷದ ಸುರುಳಿ. ಮೈಕ್‌ಸೆಟ್ಟಿನವರು ಡಬ್ಬಿ ಮೇಲೆ 'ಭಕ್ತಿ', 'ಮದುವೆ' ಅಂತ ಬರೆದಿಡುತ್ತಿದ್ದರು. 1995ರಲ್ಲಿ ಎಂಪಿ3 ಅನ್ನೋ ಹೆಸರು ಬಂತು, ಹಾಡು ಹಗುರವಾಯ್ತು. ಬರೆದಿಡುವ ಅಭ್ಯಾಸವೂ ಅದರ ಜತೆಗೇ ಹೋಯಿತು.

ಲೆಕ್ಕ ನೋಡಿ. 320 ಕೆಬಿಪಿಎಸ್ ಗುಣಮಟ್ಟದ ಐದು ನಿಮಿಷದ ಹಾಡಿಗೆ 12 ಎಂ.ಬಿ. ಬೇಕು. 32 ಜಿ.ಬಿ. ಡ್ರೈವಿಗೆ ಹಿಡಿಸೋದು ಸುಮಾರು ಎರಡೂವರೆ ಸಾವಿರ. ಐದು ಸಾವಿರ ತುರುಕಿದ್ದರೆ ಅರ್ಧಕ್ಕರ್ಧ ತೆಳು ಹಾಡುಗಳೇ. ದೊಡ್ಡ ಸ್ಪೀಕರಿನಲ್ಲಿ ಬಣ್ಣ ಬಯಲು. 128ರ ಹಾಡನ್ನು 320ಕ್ಕೆ ಏರಿಸೋದೂ ನೀರು ಹಾಲನ್ನು ದೊಡ್ಡ ಚೊಂಬಿಗೆ ಸುರಿದ ಹಾಗೆ, ಹಾಲು ಗಟ್ಟಿಯಾಗೋಲ್ಲ.

ಹಾಗಾದರೆ ಮಾಡೋದೇನು? ಮೊದಲು ಕಳೆ ಕೀಳಬೇಕು. ಎರಡೆರಡು ಸಲ ಇರೋದನ್ನ ಅಳಿಸಿ, ಉಳಿದದ್ದಕ್ಕೆ ಹಾಡು, ಸಿನಿಮಾ, ಗಾಯಕರ ಹೆಸರು ಬರೆಯಬೇಕು. ಆಮೇಲೆ ಸಂದರ್ಭದ ಪಟ್ಟಿ: ದೇವರದ್ದು, ಹಳೆಯದು, ಕುಣಿತದ್ದು. ಮೂರನೆಯದು ವೇಗ. ನಿಮಿಷಕ್ಕೆ 96 ಬಡಿತದ ಹಾಡಿನ ಬೆನ್ನಿಗೆ 128ರದ್ದು ಹಾಕಿದರೆ ಕಾಲು ತೊಡರುತ್ತೆ. ವೇಗವನ್ನ ಕಂಪ್ಯೂಟರೇ ಅಳೆಯುತ್ತೆ ನಿಜ, ಆದರೆ ಒಮ್ಮೊಮ್ಮೆ 75ನ್ನು 150 ಅಂದುಬಿಡುತ್ತೆ. ಕಾಲಲ್ಲಿ ತಾಳ ಹಾಕಿ ನೋಡೋದೇ ವಾಸಿ.

ಇನ್ನೊಂದು ಮಾತು. ಪ್ಲೇಲಿಸ್ಟ್ ಅಂದರೆ ಹಾಡಲ್ಲ, ಹಾಡಿನ ವಿಳಾಸ. ಪಟ್ಟಿ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಹಾಡುಗಳ ಜಾಗ ಬದಲಿಸಿದರೆ, ಬಾಡಿಗೆ ಮನೆ ಖಾಲಿ ಮಾಡಿದವರಿಗೆ ಅಂಚೆ ಬಂದಂತೆ! ಪೆನ್‌ಡ್ರೈವೂ ಎರಡಿರಬೇಕು. ಒಂದು ಕೆಟ್ಟರೆ ಮಂಟಪವೇ ಮೂಕ.

ಮೆರವಣಿಗೆಗೆ ಕೊನೆಯ ನಾಲ್ಕು ಹಾಡು ಬೇರೆಯೇ ಇಟ್ಟಿರಲಿ. ಶಬ್ದಮಾಲಿನ್ಯದ 2000ದ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೀದಿಯಲ್ಲಿ ಧ್ವನಿವರ್ಧಕ ಕೂಡದು. ಸರ್ಕಾರ ಕೆಲವು ಹಬ್ಬದ ದಿನ 12ರವರೆಗೆ ಬಿಟ್ಟರೆ ಆ ಮಾತು ಬೇರೆ. ಪೊಲೀಸರು ಬಂದು ವೈರು ಕೀಳೋ ಮೊದಲೇ ಮಂಗಳ ಹಾಡಿದರೆ ಎಲ್ಲರಿಗೂ ಮರ್ಯಾದೆ.

ಕಿರಾಣಿ ಅಂಗಡಿಯವರಿಗೆ ಇದೇನು ಹೊಸ ವಿದ್ಯೆಯಲ್ಲ. ಕರೆಂಟ್ ಹೋದರೂ ಜೀರಿಗೆ ಡಬ್ಬಿ ಎಲ್ಲಿದೆ ಅಂತ ಅವರ ಕೈಗೆ ಗೊತ್ತು. ಡಿ.ಜೆ. ಗೊತ್ತುಮಾಡೋರು ಸ್ಪೀಕರ್ ಎಷ್ಟು ಅಂತ ಕೇಳೋದು ಬಿಡಿ. ಒಂದು ಹಳೇ ಹಾಡಿನ ಹೆಸರು ಹೇಳಿ ಹತ್ತು ಎಣಿಸಿ. ಅಷ್ಟರಲ್ಲಿ ಹಾಡು ಬಂತೋ, ಅಡ್ವಾನ್ಸ್ ಕೊಡಿ!