ಯಕೃತ್ತು ಮರಳಿ ಬೆಳೆಯುವ ಬಗೆ: ನಂಬಿಕೆ ಮತ್ತು ಸತ್ಯ

ಹಲ್ಲಿಯ ಬಾಲ ಕಡಿದರೆ ಮತ್ತೆ ಬೆಳೆಯುತ್ತದೆ ಎಂಬುದನ್ನು ಮಕ್ಕಳೂ ಬಲ್ಲರು. ಆದರೆ ಬೆಳೆದು ನಿಂತ ಸಸ್ತನಿಗಳಿಗೆ ಅಂಥ ಶಕ್ತಿ ಸ್ವಲ್ಪವೂ ಇಲ್ಲವೆಂಬ ನಂಬಿಕೆ ಸರಿಯಲ್ಲ. ಗಂಡು ಚುಕ್ಕೆ ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಮೂಡುತ್ತದೆ, ಮನುಷ್ಯನಲ್ಲಿ ಯಕೃತ್ತು, ಅಂದರೆ ಲಿವರ್, ಕಳೆದುಕೊಂಡ ಗಾತ್ರವನ್ನು ತುಂಬಿಕೊಳ್ಳುತ್ತದೆ.

ಹಾಗೆಂದು ಕತ್ತರಿಸಿದ ಭಾಗವೇ ಚಿಗುರುತ್ತದೆ ಎಂದು ತಿಳಿಯುವುದೂ ತಪ್ಪು. ಹಿಗ್ಗಿನ್ಸ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು 1931ರಲ್ಲಿ ಇಲಿಯ ಯಕೃತ್ತಿನ ಮೂರನೇ ಎರಡು ಭಾಗವನ್ನು ತೆಗೆಯುವ ವಿಧಾನವನ್ನು ವಿವರಿಸಿದರು. ಅಲ್ಲಿ ತೆಗೆದ ಹಾಲೆಗಳು ಮರಳಿ ಹುಟ್ಟುವುದಿಲ್ಲ, ಉಳಿದ ಹಾಲೆಗಳೇ ದೊಡ್ಡದಾಗಿ ಒಟ್ಟು ತೂಕವನ್ನು ಸರಿದೂಗಿಸುತ್ತವೆ.

ಮೂರನೆಯ ತಪ್ಪು ಕಲ್ಪನೆ ಈ ಮರುಬೆಳವಣಿಗೆಯನ್ನು ಲೆಕ್ಕಹಾಕಿ ತೋರಿಸುವ ಗಣಕ ಮಾದರಿಯನ್ನು ಕುರಿತದ್ದು: ಅದು ಪರದೆಯ ಮೇಲಿನ ಚಂದದ ಚಿತ್ರವೆಂದು ಕೆಲವರು, ಪ್ರಯೋಗವನ್ನೇ ಬೇಡವಾಗಿಸುವ ಯಂತ್ರವೆಂದು ಇನ್ನು ಕೆಲವರು ಭಾವಿಸುತ್ತಾರೆ. ಸ್ಟೆಫಾನ್ ಹೋಮೆ, ಡಿರ್ಕ್ ಡ್ರಾಸ್ಡೊ, ಯಾನ್ ಹೆಂಗ್‌ಸ್ಟ್ಲರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಎರಡನ್ನೂ ಅಲ್ಲಗಳೆಯುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಇಲಿಗಳ ಯಕೃತ್ತಿನ ಕಿರುಹಾಲೆಗಳ ನಡುಭಾಗದ ಕೋಶಗಳನ್ನು ಕೊಂದ ಮೇಲೆ ಆ ಗಾಯ ತುಂಬುವ ಬಗೆಯನ್ನು ಸೂಕ್ಷ್ಮದರ್ಶಕದಿಂದ ಅಳೆದು, ಒಂದೊಂದು ಕೋಶವನ್ನೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿಯುವ ಮಾದರಿಯನ್ನು ಅವರು ಕಟ್ಟಿದರು. ಕೋಶಗಳು ವಿಭಜಿಸುತ್ತವೆ ಎಂದಷ್ಟೇ ಇಟ್ಟುಕೊಂಡರೆ ಅಂಗಾಂಶದ ರಚನೆ ಹೊಂದಿಬರಲಿಲ್ಲ. ಹುಟ್ಟಿದ ಕೋಶಗಳು ಸಮೀಪದ ಸೂಕ್ಷ್ಮ ರಕ್ತನಾಳದ ಗುಂಟ ಸಾಲುಗೊಳ್ಳುತ್ತವೆ ಎಂಬ ನಿಯಮ ಸೇರಿದಾಗ ಮಾತ್ರ ಹೊಂದಿತು. ಮಾದರಿ ಮುಂಚಿತವಾಗಿ ಹೇಳಿದ ಈ ಸಾಲುಗೂಡುವಿಕೆ ಅನಂತರದ ಪ್ರಯೋಗದಲ್ಲಿ ಕಂಡುಬಂದಿತು. ಮಾದರಿಯ ನಿಜವಾದ ಬೆಲೆ ಇರುವುದು ಇಲ್ಲಿಯೇ: ಯಾವ ಊಹೆ ಸಾಲದು ಎಂಬುದನ್ನು ಅದು ತೋರಿಸಿ, ಮುಂದೆ ಏನನ್ನು ಹುಡುಕಬೇಕೆಂದು ಹೇಳುತ್ತದೆ, ಆದರೆ ತೀರ್ಪು ಪ್ರಯೋಗದ್ದೇ.

ಮರುಬೆಳವಣಿಗೆ ಎಂದರೆ ಕೋಶಗಳ ಎಣಿಕೆಯಷ್ಟೇ ಅಲ್ಲ, ಅವುಗಳ ಜೋಡಣೆಯೂ ಹೌದು ಎಂಬ ಈ ತಿಳಿವು, ಎಷ್ಟು ಕುಡಿದರೂ ಯಕೃತ್ತು ತಾನಾಗಿಯೇ ಸರಿಹೋಗುತ್ತದೆ ಎಂಬ ಅಪಾಯಕಾರಿ ನಂಬಿಕೆಗೂ ಉತ್ತರವಾಗಿದೆ. ವರ್ಷಗಟ್ಟಲೆ ಮದ್ಯಪಾನದಿಂದಲೋ ಹೆಪಟೈಟಿಸ್ ಸೋಂಕಿನಿಂದಲೋ ಸಿರೋಸಿಸ್ ಬಂದ ಯಕೃತ್ತಿನಲ್ಲಿಯೂ ಕೋಶಗಳು ವಿಭಜಿಸುತ್ತವೆ, ಆದರೆ ನಾರಿನಂಥ ಕಲೆಯ ನಡುವೆ ಸಿಕ್ಕಿ ಗಂಟುಗಟ್ಟುತ್ತವೆ, ರಕ್ತದ ಹರಿವಿನ ಹಳೆಯ ದಾರಿಯೂ ಕೆಡುತ್ತದೆ. ಆದ್ದರಿಂದ ಕಲೆ ಗಟ್ಟಿಯಾಗುವ ಮೊದಲೇ ಕುಡಿತವನ್ನು ಬಿಟ್ಟು, ವೈದ್ಯರಲ್ಲಿ ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.