ಲಂಡನ್ನಿನಲ್ಲಿ ನಮ್ಮ ಬೇಳೆ ಬೇಯಲಿಲ್ಲ

ಇವತ್ತಿನ ಕಂತು ಒಂದು ಕೆಟ್ಟುಹೋದ ಒಬ್ಬಟ್ಟಿನಿಂದ ಶುರುವಾಗುತ್ತೆ.

"ನಿನ್ನ ಬೇಳೆ ಇಲ್ಲಿ ಬೇಯಲ್ಲ" ಅಂತ ನಾವೆಲ್ಲ ಒಬ್ಬರಿಗೊಬ್ಬರು ತಮಾಷೆಗೆ ಹೇಳ್ತೀವಲ್ಲ, ಹೋದ ಯುಗಾದಿ ದಿನ ಪಶ್ಚಿಮ ಲಂಡನ್ನಿನ ಹೌನ್ಸ್ಲೋದಲ್ಲಿ, ನಮ್ಮ ತಂಡದವರೊಬ್ಬರ ಮನೆಯಲ್ಲಿ, ಅದು ನಿಜಕ್ಕೂ ನಡೆದುಹೋಯ್ತು. ಅವರ ಅಮ್ಮ ಹಾಸನದಿಂದ ಬಂದಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಐವತ್ತು ಯುಗಾದಿಗೆ ಒಬ್ಬಟ್ಟು ತಟ್ಟಿದ ಕೈ. ಅಳತೆ ಗಿಳತೆ ಏನಿಲ್ಲ, ಎಲ್ಲಾ ಕಣ್ಣಂದಾಜು. ತೊಗರಿ ಬೇಳೆ ತೊಳೆದು, ಸ್ವಲ್ಪ ಹೊತ್ತು ನೆನೆಸಿ, ಊರಲ್ಲಿ ಮಾಡೋ ಹಾಗೇ ತೆರೆದ ಪಾತ್ರೆಯಲ್ಲಿ ಒಲೆ ಮೇಲಿಟ್ಟರು.

ಬೇಳೆ ಬೇಯಲಿಲ್ಲ. ಇನ್ನೂ ಅರ್ಧ ಗಂಟೆ ಬಿಟ್ಟು ನೋಡಿದರೆ ಅಂಚು ಕರಗಿ ನೀರು ಕದಡಿದೆ, ಬೆರಳಲ್ಲಿ ಹಿಸುಕಿದರೆ ನಡುವೆ ಇನ್ನೂ ಗಟ್ಟಿ. ನೆಂಟರು ಬರೋ ಹೊತ್ತಾಯ್ತು ಅಂತ ಹಾಗೇ ಕಟ್ಟು ಬಸಿದು, ಬೆಲ್ಲ ಹಾಕಿ ಕುದಿಸಿ, ರುಬ್ಬಿದರು. ಹೂರಣದ ತುಂಬಾ ನುಚ್ಚು ನುಚ್ಚು. ತಟ್ಟೋವಾಗ ಆ ನುಚ್ಚು ಕಣಕವನ್ನು ಹರಿದುಕೊಂಡು ಆಚೆ ಬಂತು. ಬೆಲ್ಲ ತವಕ್ಕೆ ಹತ್ತಿ ಸೀದು, ಮನೆಯ ಹೊಗೆ ಅಲಾರಂ ಹೊಡ್ಕೊಳ್ತು. ನಾವೆಲ್ಲ ನಕ್ಕುಬಿಟ್ಟೆವು. ಅಮ್ಮ ನಗಲಿಲ್ಲ.

"ನಂಗೆ ಮರೆವು ಶುರುವಾಗಿದೆ ಕಣೋ" ಅಂದರು ಮಗನಿಗೆ.

ಅದು ಬರೀ ಬೇಜಾರಿನ ಮಾತಾಗಿರಲಿಲ್ಲ. ಅವರ ಅಕ್ಕನಿಗೆ ಮರೆವಿನ ಕಾಯಿಲೆ ಮೊದಲು ಕಾಣಿಸಿಕೊಂಡಿದ್ದೇ ಅಡುಗೆಮನೆಯಲ್ಲಿ. ಸಾರಿಗೆ ಎರಡೆರಡು ಸಲ ಉಪ್ಪು ಬೀಳೋಕೆ ಶುರುವಾಗಿತ್ತು. ಯುಗಾದಿ ಆದ ಮೇಲೆ ಎರಡು ವಾರ ಅಮ್ಮ ಒಲೆ ಹತ್ತಿರ ಹೋಗಲಿಲ್ಲ. ವಾರವಾರ ವಿಜ್ಞಾನ ಮಾತಾಡೋ ನಮಗೆ, ತಪ್ಪು ಕೈಯದಲ್ಲದೆ ಬೇರೆ ಯಾವುದರದ್ದಾದರೂ ಇರಬಹುದಾ ಅಂತ ಕೇಳ್ಕೊಳ್ಳೋಕೆ ಅಷ್ಟು ದಿನ ಬೇಕಾಯ್ತು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳ್ತಿದ್ದೀವಿ.

ಮೊದಲು, ಬೇಳೆ ಬೇಯೋದು ಅಂದ್ರೇನು? ಬೇಳೆಯೊಳಗಿನ ಜೀವಕೋಶಗಳನ್ನು ಇಟ್ಟಿಗೆ ಅಂದುಕೊಳ್ಳಿ. ಇಟ್ಟಿಗೆಗಳನ್ನು ಹಿಡಿದಿಟ್ಟಿರೋ ಗಾರೆಯ ಹೆಸರು ಪೆಕ್ಟಿನ್. ಜಾಮ್ ಗಟ್ಟಿಯಾಗೋಕೆ ಕಾರಣ ಆಗೋದೂ ಇದೇ ಪದಾರ್ಥ. ಬಿಸಿ ನೀರಲ್ಲಿ ಎರಡು ಕೆಲಸ ಜೊತೆಜೊತೆಗೆ ಆಗಬೇಕು. ಇಟ್ಟಿಗೆಯೊಳಗಿನ ಪಿಷ್ಟ ನೀರು ಕುಡಿದು ಉಬ್ಬಬೇಕು, ಗಾರೆ ಸಡಿಲವಾಗಬೇಕು. ಆಗ ಬೆರಳಲ್ಲಿ ಹಿಸುಕಿದರೆ ಬೇಳೆ ಬೆಣ್ಣೆ ಥರ ಜಾರುತ್ತೆ. ಗಾರೆ ಸಡಿಲವಾಗದೆ ಹೋದರೆ ಎಷ್ಟು ಕುದಿಸಿದರೂ ಬಾಯಿಗೆ ನುಚ್ಚು ಸಿಗುತ್ತೆ.

ಈ ಗಾರೆಯನ್ನು ಗಟ್ಟಿ ಮಾಡೋದು ಕ್ಯಾಲ್ಸಿಯಂ. ಪೆಕ್ಟಿನ್ ಅಂದ್ರೆ ಉದ್ದುದ್ದ ಸರಪಳಿಗಳು, ಅವುಗಳ ಮೇಲೆ ಅಲ್ಲಲ್ಲಿ ಋಣ ವಿದ್ಯುದಂಶ. ಕ್ಯಾಲ್ಸಿಯಂ ಅಯಾನಿಗೆ ಧನ ವಿದ್ಯುದಂಶ ಎರಡು, ಅಂದ್ರೆ ಎರಡು ಕೈ ಇದ್ದಂಗೆ. ಒಂದು ಕೈಯಲ್ಲಿ ಈ ಸರಪಳಿ, ಇನ್ನೊಂದರಲ್ಲಿ ಆ ಸರಪಳಿ ಹಿಡ್ಕೊಂಡು ಎರಡನ್ನೂ ಬಿಗಿಯುತ್ತೆ. ನಮ್ಮ ಹಳೇ ಮನೆಗಳ ಗೋಡೆಗೆ ಸುಣ್ಣದ ಗಾರೆ ಹಾಕ್ತಿದ್ದರಲ್ಲ, ಬೇಳೆಯೊಳಗೂ ಹೆಚ್ಚುಕಡಿಮೆ ಅದೇ ಕಥೆ.

ಲಂಡನ್ನಿನ ನಲ್ಲಿಯಲ್ಲಿ ಬರೋದು ಸುಣ್ಣದ ನೀರೇ. ನಗರದ ಹೆಚ್ಚಿನ ನೀರು ಥೇಮ್ಸ್ ಮತ್ತು ಲೀ ನದಿಗಳದ್ದು, ಉಳಿದದ್ದು ಅಂತರ್ಜಲ. ಆ ನದಿಗಳಿಗೆ ನೀರು ಬಸಿದು ಬರೋದು ಚಿಲ್ಟರ್ನ್ ಗುಡ್ಡಗಳಂಥ ಸೀಮೆಸುಣ್ಣದ ನೆಲದಿಂದ. ಡೋವರ್‌ನ ಬಿಳಿ ಕಡಿದಾದ ದಂಡೆ ನೋಡಿದ್ದೀರಲ್ಲ, ಅದೇ ಕಲ್ಲು. ಡೈನೋಸಾರುಗಳ ಕಾಲದ ಕಡಲಲ್ಲಿ ತೇಲ್ತಿದ್ದ, ಬರಿಗಣ್ಣಿಗೆ ಕಾಣದ ಜೀವಿಗಳ ಚಿಪ್ಪು ಬಿದ್ದು ಬಿದ್ದು ಆದ ಕಲ್ಲು. ಅದರೊಳಗಿಂದ ಇಳಿದು ಬಂದ ಲಂಡನ್ ನೀರಲ್ಲಿ ಹಲವು ಕಡೆ ಲೀಟರಿಗೆ 250ರಿಂದ 300 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದಷ್ಟು ಗಡಸುತನ ಇರುತ್ತೆ. ಗ್ಲಾಸ್ಗೋದ ಕೇಳುಗರಿಗೆ ಈ ತಾಪತ್ರಯ ಇಲ್ಲ. ಅವರ ಊರಿಗೆ 1859ರಿಂದ ಲಾಕ್ ಕ್ಯಾಟ್ರಿನ್ ಸರೋವರದ ನೀರು, ಬಹಳ ಮೃದು. ಹಾಸನದಲ್ಲಿ ಅಮ್ಮನ ಮನೆಗೆ ಬರೋದು ಹೇಮಾವತಿ ನೀರು.

ಇದರಲ್ಲೊಂದು ಮೋಜು ಇದೆ. ಲೆಕ್ಕದ ಪ್ರಕಾರ ಬೇಳೆ ಲಂಡನ್ನಿನಲ್ಲೇ ಬೇಗ ಬೇಯಬೇಕಿತ್ತು. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಹೌನ್ಸ್ಲೋದಲ್ಲಿ ಹೆಚ್ಚುಕಡಿಮೆ 100. ಮೂರು ಡಿಗ್ರಿ ಲಾಭ ಇದ್ದರೂ ಸುಣ್ಣದ ಮುಂದೆ ಅದು ಲೆಕ್ಕಕ್ಕೆ ಬರಲಿಲ್ಲ.

"ಕುಕ್ಕರಿಗೆ ಹಾಕಿ, ಮುಗೀತು" ಅಂತ ಈಗಾಗಲೇ ನಿಮ್ಮಲ್ಲಿ ಅರ್ಧ ಜನ ಅಂದಿರ್ತೀರಿ. ಸಾರು, ಹುಳಿಗೆ ಸರಿ. ಒಬ್ಬಟ್ಟಿಗೆ ಬೇಳೆ ಹಿಸುಕಿದರೆ ಪುಡಿಯಾಗಬೇಕು, ಪಾತ್ರೆಯಲ್ಲಿ ಮಾತ್ರ ಕರಗಬಾರದು. ಕುಕ್ಕರಿನಲ್ಲಿ ಒಂದು ಸೀಟಿ ಹೆಚ್ಚಾದರೂ ಬೇಳೆ ಮುದ್ದೆ, ಬಸಿಯೋಕೆ ಕಟ್ಟೇ ಸಿಗಲ್ಲ, ಹೂರಣ ನೀರು ನೀರು. ಅಳತೆ ಗೊತ್ತಿರೋರು ಕುಕ್ಕರಿನಲ್ಲೂ ಚೆನ್ನಾಗಿ ಮಾಡ್ತಾರೆ, ಇಲ್ಲ ಅನ್ನಲ್ಲ. ಅಮ್ಮನದು ತೆರೆದ ಪಾತ್ರೆ.

ಇಲ್ಲಿಗೆ 1767ನೇ ಇಸವಿಯ ಒಬ್ಬ ಲಂಡನ್ನಿಗ ಬರ್ತಾನೆ, ಹೆನ್ರಿ ಕ್ಯಾವೆಂಡಿಷ್. ಜಲಜನಕವನ್ನು ಬೇರೆಯದೇ ಒಂದು ಅನಿಲ ಅಂತ ತೋರಿಸಿಕೊಟ್ಟವನು. ಅದರ ಮರುವರ್ಷ ಆತ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದದ್ದು ಒಂದು ಪಂಪಿನ ನೀರಿನ ಬಗ್ಗೆ. ರ್‍ಯಾಥ್‌ಬೋನ್ ಪ್ಲೇಸ್ ಅನ್ನೋ ಬೀದಿಯ ಪಂಪು. ಆಕ್ಸ್‌ಫರ್ಡ್ ಸ್ಟ್ರೀಟಿಗೆ ಶಾಪಿಂಗಿಗೆ ಹೋದೋರು ಆ ಬೀದಿಯ ಬಾಯನ್ನು ದಾಟಿಯೇ ಹೋಗಿರ್ತೀರಿ. ಆ ನೀರನ್ನು ಕುದಿಸಿದರೆ ಯಾಕೆ ಬಿಳಿ ಮಣ್ಣು ತಳಕ್ಕಿಳಿಯುತ್ತೆ ಅನ್ನೋದು ಅವನ ಪ್ರಶ್ನೆ. ಉತ್ತರವನ್ನೂ ಕಂಡುಕೊಂಡ. ನೀರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್, ಆ ಕಾಲದ ಮಾತಲ್ಲಿ 'ಸ್ಥಿರ ವಾಯು', ಸುಣ್ಣವನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಟ್ಟಿರುತ್ತೆ. ಕುದಿಸಿದರೆ ಅನಿಲ ಹಾರಿಹೋಗಿ ಸುಣ್ಣ ಒಂಟಿಯಾಗಿ ಕೆಳಗೆ ಕೂರುತ್ತೆ. ಲಂಡನ್ನಿನ ಪ್ರತಿ ಮನೆಯ ಕೆಟಲ್ಲಿನ ತಳದಲ್ಲಿ ದಿನಾ ಅದೇ ನಡೀತಿದೆ, ನಾವು ತಿಂಗಳಿಗೊಮ್ಮೆ ವಿನೆಗರ್ ಹಾಕಿ ಬೈಕೊಂಡು ತೊಳೀತೀವಿ.

ಹಾಗಾದರೆ ಬೇಳೆ ಬೇಯಿಸೋವಾಗಲೂ ನೀರು ಕುದಿಯುತ್ತಲ್ಲ, ಸುಣ್ಣ ತಾನೇ ಇಳಿದುಹೋಗಬೇಕಲ್ಲ? ಈ ಪ್ರಶ್ನೆ ನಮಗೂ ಬಂತು. ತೊಂದರೆ ಏನಂದ್ರೆ, ಕುದಿ ಬರೋಕೆ ಮುಂಚೆಯೇ ಸುಣ್ಣ ಬೇಳೆಯೊಳಗೆ ಸೇರಿಕೊಂಡಿರುತ್ತೆ. ನಲ್ಲಿ ನೀರಲ್ಲಿ ನೆನೆಸಿದಾಗಲೇ ಅದು ಶುರು. ಆಮೇಲೆ ತಣ್ಣೀರಿನಿಂದ ನಿಧಾನವಾಗಿ ಬಿಸಿಯೇರಿಸಿದರೆ 50–60 ಡಿಗ್ರಿ ಹತ್ತಿರ, ಹಲವು ತರಕಾರಿ ಕಾಳುಗಳಲ್ಲಿ ಇರೋ ಒಂದು ಕಿಣ್ವ ಚುರುಕಾಗುತ್ತೆ. ಅದು ಪೆಕ್ಟಿನ್ ಮೇಲೆ ಕ್ಯಾಲ್ಸಿಯಂ ಹಿಡ್ಕೊಳ್ಳೋ ಜಾಗಗಳನ್ನು ಇನ್ನಷ್ಟು ಬಿಡಿಸಿಕೊಡುತ್ತೆ. ಕುದಿ ಬರೋ ಹೊತ್ತಿಗೆ ಗಾರೆ ಸೆಟ್ ಆಗಿಬಿಟ್ಟಿರುತ್ತೆ.

ಸರಿ, ಮಾಡಿ ನೋಡೋಣ ಅಂತ ಒಂದು ಶನಿವಾರ ಮೂರು ಪಾತ್ರೆ ಇಟ್ಟೆವು. ಯುಗಾದಿಗೆ ತಂದಿದ್ದ ಅದೇ ಪ್ಯಾಕೆಟ್ಟಿನ ಬೇಳೆ. ಇದು ಮುಖ್ಯ, ಯಾಕಂದ್ರೆ ನಮ್ಮ ಎರಡನೇ ಅನುಮಾನ ಬೇಳೆಯ ಮೇಲೇ ಇತ್ತು. ಸೆಕೆ, ತೇವ ಇರೋ ಕಡೆ ತಿಂಗಳುಗಟ್ಟಲೆ ಇಟ್ಟ ಬೇಳೆಯಲ್ಲಿ ಫೈಟೇಟ್ ಅನ್ನೋ ಪದಾರ್ಥ ಒಡೆದು, ಅದು ಹಿಡಿದಿಟ್ಟಿದ್ದ ಕ್ಯಾಲ್ಸಿಯಂ ಬಿಡುಗಡೆಯಾಗಿ ಪೆಕ್ಟಿನ್ ಕಡೆ ಹೋಗುತ್ತೆ. ಹಳೇ ಬೇಳೆ ಬೇಯಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ಆದರೆ ಗೋದಾಮಿನಲ್ಲಿ ಎರಡು ಬೇಸಿಗೆ ಕೂತರೆ ಆ ತೊಗರಿಯೂ ಕಲ್ಲೇ.

ಒಂದು ಪಾತ್ರೆಗೆ ನಲ್ಲಿ ನೀರು. ಎರಡನೆಯದಕ್ಕೆ ಹಿಂದಿನ ರಾತ್ರಿ ಕೆಟಲ್ಲಿನಲ್ಲಿ ಎರಡು ಸಲ ಕುದಿಸಿ, ಆರಿಸಿ, ತಳದ ಸುಣ್ಣ ಕದಡದ ಹಾಗೆ ಮೇಲಿಂದ ಬಗ್ಗಿಸಿಕೊಂಡ ನೀರು. ನೆನೆಸೋಕೂ ಅದೇ. ಮೂರನೆಯದಕ್ಕೆ ನಲ್ಲಿ ನೀರು ಮತ್ತು ಚಿಟಿಕೆಗಿಂತ ಸ್ವಲ್ಪ ಹೆಚ್ಚು ಅಡುಗೆ ಸೋಡಾ. ಮೂರಕ್ಕೂ ಚಿಟಿಕೆ ಅರಿಶಿನ. ಒಂದೇ ಸಲ ಮಾಡಿದ್ದು, ಪ್ರಯೋಗ ಅಂತ ಕರೆಯೋಕೆ ಸಂಕೋಚವೇ.

ಮೊದಲು ಬೆಂದದ್ದು ಸೋಡಾದ್ದು. ಕ್ಷಾರದಲ್ಲಿ ಪೆಕ್ಟಿನ್ ಬೇಗ ತುಂಡಾಗುತ್ತೆ. ಆದರೆ ಪಾತ್ರೆ ನೋಡಿದರೆ ನೀರು ಕೆಂಪಗೆ! ಆರತಿ ತಟ್ಟೆಗೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡೋದಿಲ್ವೇ, ಅದೇ ಬಣ್ಣ. ಅರಿಶಿನಕ್ಕೆ ಕ್ಷಾರ ತಾಗಿದರೆ ಹಾಗಾಗುತ್ತೆ. ಬಣ್ಣ ಹೋಗಲಿ, ಕಟ್ಟಿನ ರುಚಿ ನೋಡಿದರೆ ಸೋಪಿನ ವಾಸನೆ. ಆ ಕಟ್ಟಿನಲ್ಲಿ ಒಬ್ಬಟ್ಟಿನ ಸಾರು ಮಾಡೋ ಹಾಗೇ ಇಲ್ಲ. ಒಬ್ಬಟ್ಟಿನ ಸಾರಿಲ್ಲದ ಯುಗಾದಿ ನಮಗೆ ಬೇಡ. ಸೋಡಾದಿಂದ ಬಿ1 ಜೀವಸತ್ವವೂ ನಷ್ಟ.

ಎರಡನೆಯದು ಕೆಟಲ್ ನೀರಿನದು. ಹದವಾಗಿ, ಆಕಾರ ಬಿಡದೆ ಬೆಂತು. ನಲ್ಲಿ ನೀರಿನದು ಯುಗಾದಿಯ ದಿನದ ಹಾಗೇ, ಹೊರಗೆ ಕರಗಿ ಒಳಗೆ ಗಟ್ಟಿ.

ಅಮ್ಮ ಮೂರೂ ಪಾತ್ರೆಯಿಂದ ಒಂದೊಂದು ಬೇಳೆ ತೆಗೆದು ಬೆರಳಲ್ಲಿ ಹಿಸುಕಿ ನೋಡಿದರು. ಆಮೇಲೆ ಅವರು ಅಂದ ಮಾತಿಗೆ ನಾವು ತಯಾರಿರಲಿಲ್ಲ. "ಅಯ್ಯೋ, ಇದು ಬೋರ್ ನೀರು ಅಂತ ಮೊದಲೇ ಹೇಳಬಾರ್ದಿತ್ತಾ?"

ಮದುವೆಯಾಗಿ ಬಂದ ಹೊಸದರಲ್ಲಿ ಅವರ ಹಳ್ಳಿ ಮನೆಯಲ್ಲಿ ಬೋರ್‌ವೆಲ್ ಕೊರೆಸಿದ್ದರಂತೆ. ಪಾತ್ರೆ ತೊಳೆಯೋಕೆ, ದನಕ್ಕೆ ಬೋರ್ ನೀರು. ಬೇಳೆಗೆ ಮಾತ್ರ ಅರ್ಧ ಮೈಲಿ ನಡೆದು ಸಿಹಿನೀರು ಬಾವಿಯಿಂದ ಒಂದು ಕೊಡ. ಅತ್ತೆ ಹಾಗೇ ಕಲಿಸಿದ್ದರು. ನಾವು ಪೆಕ್ಟಿನ್, ಕ್ಯಾವೆಂಡಿಷ್ ಅಂತ ಸುತ್ತಿಬಂದ ಜಾಗದಲ್ಲಿ ಆ ಅತ್ತೆ ಮೊದಲೇ ನಿಂತಿದ್ದರು. ಲಂಡನ್ನಿನ ಮಿರಮಿರ ಮಿಂಚೋ ನಲ್ಲಿಯಿಂದ, ಅದೂ ನದಿ ನೀರು ಅಂತ ಹೇಳಿದ ಮೇಲೆ, ಬೋರ್ ನೀರಿನಂಥದ್ದು ಬರುತ್ತೆ ಅಂತ ಅಮ್ಮನಿಗೆ ಹೊಳೆದಿರಲಿಲ್ಲ, ಅಷ್ಟೇ.

ಬೆಲ್ಲದ ವಿಷಯವೂ ಅವರಿಗೆ ಗೊತ್ತಿದ್ದದ್ದೇ. ಬೆಲ್ಲ ಹಾಕಿದ ಮೇಲೆ ಬೇಳೆ ಬೇಯಲ್ಲ. ಸಕ್ಕರೆಯ ಅಂಶ ಗಾರೆ ಸಡಿಲವಾಗೋದನ್ನು ತಡೆಯುತ್ತೆ, ಬೆಲ್ಲದಲ್ಲಿ ಒಂದಿಷ್ಟು ಕ್ಯಾಲ್ಸಿಯಂ ಕೂಡ ಇದೆ. ಯುಗಾದಿ ದಿನ ಅರೆಬೆಂದ ಬೇಳೆಗೆ ಬೆಲ್ಲ ಬಿದ್ದ ಕ್ಷಣದಲ್ಲೇ ಆಟ ಮುಗಿದಿತ್ತು.

ಕಣಕದ ಕಡೆ ಬಂದರೆ, ಅಲ್ಲೂ ಸುಣ್ಣ ಇದೆ ಅಂದ್ರೆ ನಂಬ್ತೀರಾ? ಬ್ರಿಟನ್ನಿನಲ್ಲಿ ಮಾರೋ ಬಿಳಿ ಗೋಧಿ ಹಿಟ್ಟಿಗೆ ಕಾನೂನಿನ ಪ್ರಕಾರ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸ್ತಾರೆ. ಇದರ ಹಿಂದೆ ಎಲ್ಸಿ ವಿಡೋಸನ್ ಮತ್ತು ರಾಬರ್ಟ್ ಮೆಕ್ಯಾನ್ಸ್ ಇದ್ದಾರೆ. ಇಬ್ಬರೂ ಮೊದಲು ಭೇಟಿಯಾಗಿದ್ದು 1933ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಅಡುಗೆಮನೆಯಲ್ಲಿ. ಯುದ್ಧದ ಕಾಲಕ್ಕೆ ತವುಡು ಹೆಚ್ಚಿರೋ ಬ್ರೆಡ್ ಬಂದಾಗ, ತಾವೇ ತಿಂದು ನೋಡಿ, ಅದರ ಫೈಟೇಟ್ ದೇಹಕ್ಕೆ ಕ್ಯಾಲ್ಸಿಯಂ ಸಿಗದ ಹಾಗೆ ಮಾಡುತ್ತೆ ಅಂತ ತೋರಿಸಿದರು. ಹಿಟ್ಟಿಗೆ ಸುಣ್ಣ ಸೇರಿದ್ದು 1940ರ ದಶಕದಲ್ಲಿ. ಕಣಕಕ್ಕೆ ಇದರಿಂದ ತೊಂದರೆ ಏನೂ ಇಲ್ಲ, ಹೆದರಬೇಡಿ.

ಕಣಕಕ್ಕೆ ಬೇಕಾದ್ದು ನೆನೆಯೋ ಸಮಯ. ನಾದಿದ ಕೂಡಲೇ ಗೋಧಿಯ ಗ್ಲುಟೆನ್ ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುತ್ತೆ. ಎರಡು ಮೂರು ಗಂಟೆ ಎಣ್ಣೆಯಲ್ಲಿ ಬಿಟ್ಟರೆ ಆ ಬಿಗಿ ಸಡಿಲಾಗಿ, ಎಳೆದಷ್ಟು ಹಿಗ್ಗುತ್ತೆ. ಅಂಗಡಿಯಲ್ಲಿ ಸ್ಟ್ರಾಂಗ್ ಫ್ಲೋರ್ ಅಂತ ಬ್ರೆಡ್ಡಿಗೆ ಮಾರೋ ಹಿಟ್ಟು ಬೇಡ, ಪ್ಲೇನ್ ಫ್ಲೋರ್ ಸಾಕು, ಚಿರೋಟಿ ರವೆ ಸಿಕ್ಕರೆ ಅರ್ಧಕ್ಕರ್ಧ. ಮಾರ್ಚ್ ತಿಂಗಳ ಲಂಡನ್ ಅಡುಗೆಮನೆ ತಣ್ಣಗಿರುತ್ತಲ್ಲ, ಬಾಯ್ಲರ್ ಇರೋ ಕಪಾಟಿನಲ್ಲಿ, ಟವೆಲ್ಲುಗಳ ಪಕ್ಕ ಮುಚ್ಚಿಡಿ. ಇನ್ನು ಹೂರಣ ಮತ್ತು ಕಣಕ ಎರಡರ ಹದ ಒಂದೇ ಇರಬೇಕು. ಹೂರಣ ಗಟ್ಟಿಯಾದರೆ ಕಣಕ ಹರಿಯುತ್ತೆ, ಹೂರಣ ಸಡಿಲವಾದರೆ ಒಂದು ಕಡೆ ಗುಡ್ಡೆಯಾಗುತ್ತೆ. ಉತ್ತರ ಕರ್ನಾಟಕದ ಕಡಲೆ ಬೇಳೆ ಹೋಳಿಗೆಗೂ ಇದೇ ಮಾತು, ಅದಕ್ಕಂತೂ ಮೃದು ನೀರು ಇನ್ನೂ ಹೆಚ್ಚು ಬೇಕು.

ಮರುದಿನ ಭಾನುವಾರ ಅಮ್ಮ ತಾವೇ ಒಲೆ ಹಚ್ಚಿದರು. ಸೊಸೆ ಕೆಟಲ್ ನೀರು ಬಗ್ಗಿಸಿಕೊಟ್ಟಳು. ಇಪ್ಪತ್ತೆರಡು ಒಬ್ಬಟ್ಟು, ಒಂದೂ ಹರಿಯಲಿಲ್ಲ. ಕಟ್ಟಿನ ಸಾರು ಮಾರನೇ ದಿನ ಇನ್ನೂ ರುಚಿಯಾಗಿತ್ತು. ಕೊನೆಗೆ ಕೆಟಲ್ಲಿನ ತಳ ಕೆರೆದು, ಅಂಗೈಯಲ್ಲಿ ಬಿಳಿ ಪುಡಿ ಹಿಡ್ಕೊಂಡು ಬಂದು ಮಗನ ಮುಂದೆ ಚಾಚಿದರು.

"ಇಷ್ಟು ಸುಣ್ಣ ಮನೇಲಿಟ್ಕೊಂಡು, ನನ್ನ ತಲೆ ಕೆಟ್ಟಿದೆ ಅಂದ್ಕೊಂಡ್ರಲ್ಲೋ!"

ನಿಮ್ಮ ಊರಿನ ನಲ್ಲಿ ನೀರಲ್ಲಿ ಬೇಳೆ ಹೇಗೆ ಬೇಯುತ್ತೆ? ಮೆಲ್ಬರ್ನ್, ನ್ಯೂಜೆರ್ಸಿ, ದುಬೈ, ದಾವಣಗೆರೆ, ಎಲ್ಲಿಂದಾದರೂ ಸರಿ, ನಮಗೆ ಬರೀರಿ. ಕೆಟಲ್ಲಿನ ತಳದ ಫೋಟೋ ಕಳಿಸಿದರೂ ನಡೆಯುತ್ತೆ.