‘ಇದರಲ್ಲಿ ನೀನು ಮಾಡಿದ್ದು ಯಾವುದು?’

ಕೊನೆಯ ವರ್ಷದ ಇಂಜಿನಿಯರಿಂಗ್ ಮಕ್ಕಳಿರುವ ಮನೆಯಲ್ಲಿ ಒಂದು ದಿನ ಈ ಮಾತು ಬಂದೇ ಬರುತ್ತದೆ: “ಉಮ್ಮಾ, ಪ್ರಾಜೆಕ್ಟಿಗೆ ದುಡ್ಡು ಬೇಕು.” ಎಷ್ಟು ಎಂದು ಕೇಳುತ್ತೇವೆ, ಹೇಗಾದರೂ ಮಾಡಿ ಕೊಡುತ್ತೇವೆ. ಎಂತ ಪ್ರಾಜೆಕ್ಟ್, ಯಾರೊಟ್ಟಿಗೆ, ಅದರಲ್ಲಿ ನಿನ್ನ ಪಾಲಿನ ಕೆಲಸ ಯಾವುದು ಎಂದು ಕೇಳುವವರು ಕಡಿಮೆ. ಅದೆಲ್ಲ ನಮಗೆ ಅರ್ಥ ಆಗುವ ವಿಷಯ ಅಲ್ಲ ಎಂಬ ಹಿಂಜರಿಕೆ. ಮದ್ರಸದಲ್ಲಿ ನನ್ನ ಹತ್ತಿರ ಕಲಿತ ಕೆಲವು ಮಕ್ಕಳು ಈಗ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದಾರೆ. ಅವರ ಹತ್ತಿರ ಕೇಳಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯ ಅನೇಕ ಕಾಲೇಜುಗಳು ಬೆಳಗಾವಿಯ ವಿಟಿಯುಗೆ ಸೇರಿದವು. ಅಲ್ಲಿ ಸಾಮಾನ್ಯವಾಗಿ ನಾಲ್ಕು ಮಕ್ಕಳವರೆಗಿನ ಒಂದು ತಂಡ, ಅದಕ್ಕೊಬ್ಬ ಗೈಡ್. 2022ರ ಸ್ಕೀಮಿನಲ್ಲಿ ಪ್ರಾಜೆಕ್ಟಿನ ಮೊದಲ ಹಂತ 6ನೇ ಸೆಮಿಸ್ಟರಿಗೇ ಬಂದಿದೆ. ಕಾಲೇಜು ಕೊಡುವ ಅಂಕದಲ್ಲಿ ವರದಿ, ಪ್ರೆಸೆಂಟೇಶನ್, ಪ್ರಶ್ನೋತ್ತರ ಇವುಗಳ ಪಾಲು 50:25:25. ವರದಿಯ ಅಂಕ ತಂಡದ ಎಲ್ಲರಿಗೂ ಒಂದೇ. ಪ್ರಶ್ನೆ ಕೇಳುವಾಗ ಮಾತ್ರ ಯಾರೂ ಯಾರ ಬೆನ್ನ ಹಿಂದೆ ಅಡಗಲು ಆಗುವುದಿಲ್ಲ. ಸ್ವಾಯತ್ತ ಕಾಲೇಜುಗಳ ಲೆಕ್ಕ ಬೇರೆ ಇರಬಹುದು, ಆದರೆ ತಂಡದ ಕೆಲಸ ಅಲ್ಲಿಯೂ ಉಂಟು. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ಆಯಿತು. ಆ ಮಾನ್ಯತೆ ಬೇಕಾದ ಕಾಲೇಜು ತನ್ನ ಮಕ್ಕಳಿಗೆ ತಂಡದಲ್ಲಿ ದುಡಿಯಲು ಬರುತ್ತದೆ ಎಂದೂ ತೋರಿಸಬೇಕು.

ನಾಲ್ಕು ಜನ ಯಾಕೆ ಎಂದು ಒಬ್ಬ ಹುಡುಗನಲ್ಲಿ ಕೇಳಿದೆ. ಅವನು ತೋಟದ ಪಂಪಿನ ಕಥೆ ಹೇಳಿದ. ಮೂರು ಫೇಸಿನಲ್ಲಿ ಓಡುವ ಮೋಟಾರಿಗೆ ಒಂದು ಫೇಸ್ ಹೋದರೆ ಉಳಿದ ಎರಡರಲ್ಲಿ ಕರೆಂಟ್ ಏರುತ್ತದೆ, ನಿಲ್ಲಿಸದಿದ್ದರೆ ವೈಂಡಿಂಗ್ ಸುಡುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತಿ ಪಂಪು ಒಣ ಓಡಿದರೆ ಕೆಲಸದ ಭಾರ ಇಲ್ಲದೆ ಕರೆಂಟ್ ಇಳಿಯುತ್ತದೆ. ಏರಿದರೂ ಇಳಿದರೂ ಪಂಪನ್ನು ತಾನಾಗಿ ನಿಲ್ಲಿಸುವ ಪೆಟ್ಟಿಗೆ ಮಾಡುವುದು ಅವರ ಪ್ರಾಜೆಕ್ಟ್. ಒಬ್ಬ ಕರೆಂಟ್ ಅಳೆಯುವ ಸೆನ್ಸರ್ ನೋಡಿಕೊಂಡ, ಇನ್ನೊಬ್ಬ ಪ್ರೋಗ್ರಾಂ ಬರೆದ, ಮೂರನೆಯವನದ್ದು ರಿಲೇ ಮತ್ತು ಕಾಂಟ್ಯಾಕ್ಟರ್, ನಾಲ್ಕನೆಯವಳದ್ದು ಪವರ್ ಸಪ್ಲೈ ಮತ್ತು ವರದಿ.

ಬಿಡಿಬಿಡಿಯಾಗಿ ಎಲ್ಲವೂ ಸರಿ ಇತ್ತಂತೆ. ಜೋಡಿಸಿದ ದಿನ ಮೋಟಾರ್ ಸ್ಟಾರ್ಟೇ ಆಗುವುದಿಲ್ಲ! ಸ್ವಿಚ್ ಹಾಕಿದ ಕೂಡಲೇ ಪೆಟ್ಟಿಗೆ ಬಂದ್ ಮಾಡುತ್ತದೆ. ಸೆನ್ಸರಿನವನು ಪ್ರೋಗ್ರಾಮಿನವನನ್ನು ದೂರಿದ, ಅವನು ಇವನನ್ನು. ಎರಡು ದಿನ ಮಾತೇ ಇಲ್ಲ. ಕಡೆಗೆ ನಾಲ್ವರೂ ಕೂತು ಅಳೆದು ನೋಡಿದಾಗ ಯಾರದ್ದೂ ಕೆಟ್ಟಿರಲಿಲ್ಲ. ಮೋಟಾರು ಹೊರಡುವ ಗಳಿಗೆಯಲ್ಲಿ ಮಾಮೂಲಿನ ಹಲವು ಪಟ್ಟು ಕರೆಂಟ್ ಎಳೆಯುವುದು ಅದರ ಸ್ವಭಾವ. ಪೆಟ್ಟಿಗೆ ಅದನ್ನೇ ಅಪಾಯ ಅಂತ ತಿಳಿದಿತ್ತು. ಶುರುವಿನ ಕೆಲವು ಸೆಕೆಂಡು ಸುಮ್ಮನಿರು ಎಂದು ಪ್ರೋಗ್ರಾಮಿಗೆ ಹೇಳಿದರು, ಪಂಪು ಓಡಿತು. ಮೋಟಾರಿನ ಈ ಗುಣ ಅವರೆಲ್ಲ ಓದಿ ಪರೀಕ್ಷೆಯಲ್ಲಿ ಬರೆದದ್ದೇ. ನಾಲ್ಕು ವರ್ಷದ ಫೀಸಿನಲ್ಲಿ ನಿಜವಾಗಿ ವಸೂಲಾದದ್ದು ಆ ಎರಡು ದಿನ ಎಂದು ನನಗೆ ಕಂಡಿತು.

ಈ ಎರಡು ದಿನವನ್ನೇ ತಪ್ಪಿಸಿ ಕೊಡುವ ವ್ಯಾಪಾರ ಒಂದುಂಟು. ದುಡ್ಡು ಕೊಟ್ಟರೆ ಬೋರ್ಡು, ಪ್ರೋಗ್ರಾಂ, ಬೈಂಡ್ ಮಾಡಿದ ವರದಿ ಎಲ್ಲ ರೆಡಿ. ನಾಲ್ವರು ಹಂಚಿಕೊಂಡರೆ ತಲೆಗೆ ಬೀಳುವುದು ಸ್ವಲ್ಪವೇ, ಆದ್ದರಿಂದ ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಹೊಸಬನನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಅವನಲ್ಲಿ ಬೇರೇನು ಕೇಳಿಯಾರು? ಅನುಭವ ಇಲ್ಲ, ಇರುವುದು ಈ ಪ್ರಾಜೆಕ್ಟ್ ಒಂದೇ. ದಮ್ಮಾಮ್ ಇರಲಿ, ಬೆಂಗಳೂರು ಇರಲಿ, ‘ಇದರಲ್ಲಿ ನೀನು ಮಾಡಿದ್ದು ಯಾವುದು?’ ಎಂದರೆ ಕೊಂಡುಕೊಂಡವನ ಬಾಯಿ ಕಟ್ಟುತ್ತದೆ.

ಹೆಣ್ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಸಂಜೆ ಮೇಲೆ ಲ್ಯಾಬಿನಲ್ಲಿ ಕೂರಲು ಮನೆಯಲ್ಲಿ ಬಿಡುವುದಿಲ್ಲ ಅಂತ ತಂಡದವರು ಅವಳಿಗೆ ವರದಿ ಟೈಪ್ ಮಾಡುವ ಕೆಲಸ ಮಾತ್ರ ಕೊಟ್ಟುಬಿಡುತ್ತಾರೆ. ಅಂಕವೇನೋ ಬರುತ್ತದೆ, ಬೋರ್ಡು ಮುಟ್ಟಿಯೇ ಇರುವುದಿಲ್ಲ. ಅಷ್ಟು ಕಷ್ಟಪಟ್ಟು ಇಂಜಿನಿಯರಿಂಗಿಗೆ ಕಳಿಸಿ ಟೈಪಿಸ್ಟ್ ಮಾಡುವುದು ಯಾವ ನ್ಯಾಯ? ಪ್ರೋಗ್ರಾಂ, ಸರ್ಕ್ಯೂಟ್ ಡಿಸೈನ್, ಸಿಮ್ಯುಲೇಶನ್ ಲ್ಯಾಪ್‌ಟಾಪಿನಲ್ಲಿ ಮನೆಯಲ್ಲೇ ಆಗುವ ಕೆಲಸ, ಅದನ್ನು ಅವಳು ಕೇಳಿ ಪಡೆಯಲಿ. ಜೋಡಿಸುವ ದಿನ ಮಾತ್ರ ಲ್ಯಾಬಿನಲ್ಲಿ ಇರಲೇಬೇಕು. ಅವತ್ತು ಬಾಪನೋ ಅಣ್ಣನೋ ಗೇಟಿನ ಹತ್ತಿರ ಒಂದು ಗಂಟೆ ಕಾದರೆ ಸಾಕು. ಹಗಲು ಹೊತ್ತು ಲ್ಯಾಬ್ ಬಿಟ್ಟುಕೊಡಿ ಎಂದು ಕಾಲೇಜಿನಲ್ಲಿ ಕೇಳಲಿಕ್ಕೂ ಸಂಕೋಚ ಬೇಡ.

ದುಡ್ಡಿಗೆ ಒಂದು ದಾರಿ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿ ಪ್ರಾಜೆಕ್ಟುಗಳನ್ನು ಆರಿಸಿ ಸ್ವಲ್ಪ ಧನಸಹಾಯ ಕೊಡುತ್ತದೆ. ಅರ್ಜಿ ಹೋಗುವುದು ಕಾಲೇಜಿನ ಮೂಲಕ. ಆದ್ದರಿಂದ ವಿಷಯ ಬೇಗ ಗೊತ್ತು ಮಾಡಿಕೊಂಡು ಗೈಡ್ ಹತ್ತಿರ ಕೇಳಬೇಕು.

ಮತ್ತೆ, ಮಕ್ಕಳು ಆ ಪೆಟ್ಟಿಗೆಯನ್ನು ಮನೆಗೆ ತಂದು ತೋಟದ ಪಂಪಿಗೆ ಕಟ್ಟಿ ನೋಡ್ತೇವೆ ಅಂದರೆ ಬಿಡಬೇಡಿ. ಅದು 415 ವೋಲ್ಟ್. ಮೊದಲು ಕಾಲೇಜಿನ ಲ್ಯಾಬಿನಲ್ಲಿ, ಗೈಡ್ ಎದುರಿಗೆ ಓಡಲಿ. ಆಮೇಲೆ ಬೇಕಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆದು ಜೋಡಿಸಬಹುದು.